ಕೆಲಸ ಏನ್ ಮಾಡ್ತೀರಿ?

ಇಳಕಲ್ಲಿನ ನಮ್ಮ ಮನೆಯಲ್ಲಿ ಓದುವುದೆಂದರೆ ಮಗ್ಗದ ಸದ್ದಿನ ಜೊತೆ ಓದುವುದು. ಅವ್ವ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಹೊತ್ತು ಮುಳುಗುವವರೆಗೆ ಅದೇ ಲಟಕ್ ಪಟಕ್. ಪಿಯುಸಿ ಓದಿದ್ದು ಆ ಸದ್ದಿನಲ್ಲೇ. ಮೂವತ್ತೊಂದನೇ ವಯಸ್ಸಿನಲ್ಲಿ ಡಿಎನ್‌ಬಿ ಥಿಯರಿ ಪರೀಕ್ಷೆಗೆ ಎರಡನೇ ಸಲ ಓದಲು ಕೂತದ್ದೂ ಆ ಸದ್ದಿನಲ್ಲೇ.

ನನ್ನ ವಿಷಯ ಫ್ಯಾಮಿಲಿ ಮೆಡಿಸಿನ್. ಹೃದಯಕ್ಕೊಬ್ಬ, ಮೂಳೆಗೊಬ್ಬ ಡಾಕ್ಟರ್ ಇರುವ ಕಾಲದಲ್ಲಿ, ಇಡೀ ಮನುಷ್ಯನನ್ನು ಮೊದಲು ನೋಡುವ ಡಾಕ್ಟರನ್ನು ತಯಾರು ಮಾಡುವ ಮೂರು ವರ್ಷದ ಓದು. ಕೊನೆಗೆ ನಾಲ್ಕು ಪತ್ರಿಕೆ. ಒಂದೊಂದಕ್ಕೂ 3 ಗಂಟೆ, 10 ಪ್ರಶ್ನೆ, 100 ಅಂಕ. 400ಕ್ಕೆ 200 ಬಂದರೆ ಥಿಯರಿ ಪಾಸು, ಆಮೇಲೆ ಪ್ರಾಕ್ಟಿಕಲ್. ಮೊದಲ ಸಲ ನನಗೆ ಬಂದದ್ದು 188. "ಸೆರಗಿನ ತನಕ ಬಂದು ಎಳಿ ಹರದಂಗಾತು" ಎಂದಳು ಅವ್ವ. ಅಪ್ಪ ಏನೂ ಅನ್ನಲಿಲ್ಲ. ಕೆಮ್ಮಿದ, ಹೊರಗೆ ಹೋದ.

ಹಗಲು ಹುನಗುಂದದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ, ರಾತ್ರಿ ಓದು. ಭಾನುವಾರ ನಾವು ಮೂವರು ಗೆಳತಿಯರು ಸೇರುತ್ತಿದ್ದೆವು. ಒಂದು ವಾರ ಬಾಗಲಕೋಟೆಯ ನವನಗರದಲ್ಲಿ, ಇನ್ನೊಂದು ವಾರ ಬಾದಾಮಿಯಲ್ಲಿ. ಒಬ್ಬರು ಪ್ರಶ್ನೆ ಕೊಡುವುದು, ಉಳಿದವರು ಗಡಿಯಾರ ಇಟ್ಟುಕೊಂಡು ಬರೆಯುವುದು. ಒಂದು ಉತ್ತರಕ್ಕೆ 18 ನಿಮಿಷ. ನನ್ನ ತೊಂದರೆ ಗೊತ್ತಿಲ್ಲದ್ದಲ್ಲ, ಗೊತ್ತಿದ್ದದ್ದನ್ನೆಲ್ಲ ಬರೆಯುವುದು. ಮೊದಲ ಪ್ರಶ್ನೆಗೆ ನಾಲ್ಕು ಪುಟ ತುಂಬಿಸಿ, ಕೊನೆಯ ಎರಡನ್ನು ಖಾಲಿ ಬಿಟ್ಟು ಬರುವವಳು ನಾನು.

ಒಂದು ಭಾನುವಾರ ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತಿದ್ದೆವು. ಗೆಳತಿ ಪ್ರಶ್ನೆ ಕೊಟ್ಟಳು: ಐವತ್ತೈದು ವರ್ಷದ ಗಂಡಸು, ಮೂರು ತಿಂಗಳಿಂದ ಕೆಮ್ಮು, ನಡೆದರೆ ದಮ್ಮು. ಮೊದಲು ನೋಡುವ ಡಾಕ್ಟರಾಗಿ ನೀವೇನು ಮಾಡುತ್ತೀರಿ? ನಾನು ಸರಸರ ಬರೆದೆ. ಕ್ಷಯ, ಅಸ್ತಮಾ, ಬೀಡಿ, ಕ್ಯಾನ್ಸರ್. ಕಫ ಪರೀಕ್ಷೆ, ಎಕ್ಸ್‌ರೇ. ಹದಿನೆಂಟು ನಿಮಿಷಕ್ಕೆ ಸರಿಯಾಗಿ ಮುಗಿಸಿ ಹೆಮ್ಮೆಯಿಂದ ಕೊಟ್ಟೆ. ಅವಳು ಓದಿ, ಮೂರು ಅಂಕ ಕಡಿದಳು.

"ಈ ಮನುಷ್ಯಾ ಏನ್ ಕೆಲಸಾ ಮಾಡ್ತಾನ ಅಂತ ಎಲ್ಲಿ ಕೇಳಿದಿ?"

ಪಾಠ ನನಗೆ ಬಾಯಿಪಾಠವಾಗಿತ್ತು. ಇಟಲಿಯ ವೈದ್ಯ ರಾಮಝಿನಿ 1700ರಲ್ಲಿ ಕಸುಬುಗಳ ರೋಗಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ 'ನಿಮ್ಮ ಕೆಲಸ ಯಾವುದು?' ಎಂಬುದನ್ನೂ ಸೇರಿಸಿಕೊಳ್ಳಿ ಎಂದ. ಅವನ ಪುಸ್ತಕದಲ್ಲಿ ನೇಕಾರರಿದ್ದಾರೆ, ಕಲ್ಲುಕುಟಿಗರಿದ್ದಾರೆ. ಎಂದರೆ ನಮ್ಮ ಮನೆಯೇ ಇದೆ. ಎದುರಿನ ಗುಡ್ಡದಲ್ಲಿ ಗುಹೆಗಳು ಕಾಣುತ್ತಿದ್ದವು. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು ಎಂದು ಶಾಲೆಯಲ್ಲಿ ಉರು ಹೊಡೆದಿದ್ದೆ. ಆ ಮರಳುಗಲ್ಲು ಬಹುಪಾಲು ಸಿಲಿಕಾ. ಅದನ್ನು ಕೊರೆದವರೂ ಕೆಮ್ಮಿರಬೇಕು ಎಂದು ಅವತ್ತು ಮೊದಲ ಸಲ ಅನ್ನಿಸಿತು.

ಬಸ್ಸಿನಲ್ಲಿ ಊರಿಗೆ ಬರುವಾಗ ಅಪ್ಪನ ಕೆಮ್ಮು ಕಿವಿಯಲ್ಲೇ ಇತ್ತು. ಅಪ್ಪ ಇಳಕಲ್ಲಿನ ಕೆಂಪು ಗ್ರಾನೈಟ್ ಕೊಯ್ದು, ಪಾಲಿಶ್ ಮಾಡಿ ಮೂವತ್ತು ವರ್ಷ ಕಳೆದವನು. ರಾತ್ರಿ ಊಟವಾದ ಮೇಲೆ ಎದುರು ಕೂತು, ರೋಗಿಯನ್ನು ಕೇಳುವ ಹಾಗೆ ಕೇಳಿದೆ.

"ಮೊದಲ ನೀರು ಹಾಕತಿದ್ದಿಲ್ಲವಾ. ಒಣಾ ಒಣಾನ ಕೊಯ್ಯೂದು. ಸಂಜೀಕ ಮನೀಗೆ ಬಂದ್ರ ಹುಬ್ಬು ಬೆಳ್ಳಗ. ಅಪ್ಪ ಅಜ್ಜ ಆಗ್ಯಾನ ಅಂತ ನೀ ನಗತಿದ್ದಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ನೀ ಡಾಕ್ಟರ್ಕಿ ಓದೂಮುಂದ ನನಗ ಟಿಬಿ ಅಂದಿದ್ರು. ಆರು ತಿಂಗಳ ಗುಳಗಿ ತಗೊಂಡೆ. ನಿನಗ ಹೇಳಬ್ಯಾಡ ಅಂತ ನಿಮ್ಮವ್ವಗ ನಾನ ಹೇಳಿದ್ದೆ."

"ಕಫ ನೋಡಿದ್ರೇನು?"

"ಇಲ್ಲ. ಎಕ್ಸ್‌ರೇ ನೋಡಿ ಹೇಳಿದ್ರು."

"ಏನ್ ಕೆಲಸಾ ಮಾಡ್ತಿ ಅಂತ ಕೇಳಿದ್ರೇನು?"

"ಯಾರು ಕೇಳ್ತಾರವಾ?"

ನಾನೂ ಕೇಳಿರಲಿಲ್ಲ. ನನಗೆ ಗೊತ್ತಿತ್ತಲ್ಲ!

ಬಾಗಲಕೋಟೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಕಫದಲ್ಲಿ ಕ್ಷಯ ಇರಲಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಕಡೆ, ಮೇಲ್ಭಾಗದಲ್ಲಿ, ನವಣೆ ಚೆಲ್ಲಿದಂತೆ ಸಣ್ಣ ಸಣ್ಣ ಗಂಟು. ಸಿಲಿಕೋಸಿಸ್. ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಇಳಿದರೆ, ಅದನ್ನು ನುಂಗಲು ಬಂದ ರಕ್ಷಕ ಕಣಗಳೇ ಸಾಯುತ್ತವೆ. ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣಬಹುದು. ಇಷ್ಟೇ ಅಲ್ಲ, ಅಂಥ ಶ್ವಾಸಕೋಶಕ್ಕೆ ನಿಜವಾದ ಕ್ಷಯ ತಗಲುವ ಅಪಾಯವೂ ಹೆಚ್ಚು. ಹೋದ ಭಾಗವನ್ನು ಮರಳಿ ತರುವ ಔಷಧ ಇಲ್ಲ. ಧೂಳು ಬಿಡಬೇಕು, ನಿಗಾ ಇಡಬೇಕು. ಕಾನೂನಿನ ಪ್ರಕಾರ, ಕಾರ್ಖಾನೆಯ ಕೆಲಸದಿಂದ ಬಂದ ಈ ರೋಗವನ್ನು ಕಂಡ ಡಾಕ್ಟರ್ ಸರ್ಕಾರಕ್ಕೆ ವರದಿ ಕೊಡಲೇಬೇಕು. ಕೆಲಸವನ್ನೇ ಕೇಳದಿದ್ದರೆ ವರದಿ ಎಲ್ಲಿಂದ ಬರಬೇಕು?

ಅಪ್ಪ ಕಲ್ಲಿನ ಕೆಲಸ ಬಿಟ್ಟ. ಬಿಟ್ಟದ್ದು ತಡವಾಯಿತು ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಆ ಮಾತು ನಾವು ಆಡುವುದಿಲ್ಲ.

ಬೆಂಗಳೂರಿಗೆ ಹೋಗಿ ಎರಡನೇ ಸಲ ಪರೀಕ್ಷೆ ಬರೆದೆ. ಸಿಲಿಕೋಸಿಸ್ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಆದರೆ ಪ್ರತಿ ಪ್ರಶ್ನೆಗೂ ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡೆ. ಅವನಿಗೆ ಬೇಕಾದಷ್ಟನ್ನು ಮಾತ್ರ ಬರೆದೆ. ನಾಲ್ಕೂ ಪತ್ರಿಕೆಯಲ್ಲಿ ಹತ್ತೂ ಉತ್ತರ ಮುಗಿದವು. 221 ಬಂತು. ಪ್ರಾಕ್ಟಿಕಲ್ ಇನ್ನೂ ಇದೆ.

ಈಗ ಹುನಗುಂದದಲ್ಲಿ ಚೀಟಿಯ ಮೇಲೆ ಹೆಸರು, ವಯಸ್ಸು ಬರೆದ ಕೂಡಲೇ ಕೆಲಸ ಬರೆಯುತ್ತೇನೆ. ಮೊನ್ನೆ ಸೊಂಟನೋವು ಎಂದು ಬಂದ ಹೆಣ್ಣುಮಗಳು, "ನಂದೇನ್ ಕೆಲಸಾರಿ, ಮನ್ಯಾಗ ಇರ್ತೀನಿ" ಎಂದಳು. ನಮ್ಮವ್ವನೂ ಯಾರು ಕೇಳಿದರೂ ಹೀಗೇ ಹೇಳುತ್ತಾಳೆ. ಪೆನ್ನು ಕೆಳಗಿಟ್ಟು ಮತ್ತೆ ಕೇಳಿದೆ: "ಮಗ್ಗ ಐತೇನ್ರಿ ಮನ್ಯಾಗ?"

"ಐತ್ರಿ. ಮುಂಜಾನಿಂದ ಸಂಜೀತನಕ ಅದರಾಗ ಕುಂತಿರ್ತೀನಿ."