ಅವರನ್ನು ಕೇಳಿದೆಯಾ?

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಇದರ ಅರ್ಥವನ್ನು ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳಿದರೆ ಒಂದು ಪುಟ ತುಂಬಿಸಿಯೂ ಬಿಡುತ್ತೀರಿ. ಆದರೆ ಈ ಗಾದೆ ನನಗೆ ನಿಜವಾಗಿ ಅರ್ಥವಾದದ್ದು ಕೊಯಮತ್ತೂರಿನ ಉಕ್ಕಡಂನಲ್ಲಿ, ಒಬ್ಬ ದರ್ಜಿಯ ಮನೆಯ ಬಾಗಿಲಿನಲ್ಲಿ ತಲೆ ತಗ್ಗಿಸಿ ನಿಂತಾಗ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ವಿದ್ಯಾರ್ಥಿ ಮಿತ್ರರು ಕೇಳಿದಾಗ ಆ ಪ್ರಸಂಗವನ್ನೇ ಹೇಳೋಣವೆನ್ನಿಸಿತು.

ನಮ್ಮ ಹಿರಿಯರು ಕೊಳ್ಳೇಗಾಲದ ಕಡೆಯವರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಗುವ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹಾಗಾಗಿ ಆ ಕಡೆಯವರಿಗೆ ಕೊಯಮತ್ತೂರು ಪರಸ್ಥಳವೆನಿಸುತ್ತಿರಲಿಲ್ಲ. ನನ್ನ ಅಪ್ಪ ಬಟ್ಟೆ ಗಿರಣಿಯ ಕೆಲಸಕ್ಕೆಂದು ಹೋದವರು ಉಕ್ಕಡಂನಲ್ಲಿ ಪೆರಿಯಕುಳಂ, ಅಂದರೆ ದೊಡ್ಡಕೆರೆಯ ಹತ್ತಿರ, ಒಂದು ಸಾಲುಮನೆಯಲ್ಲಿ ಬಾಡಿಗೆಗೆ ನಿಂತರು. ಆ ಸಾಲಿನಲ್ಲಿ ಹಿಂದೂಗಳಿದ್ದರು, ಮುಸಲ್ಮಾನರಿದ್ದರು, ಕ್ರೈಸ್ತರೆಂದರೆ ನಾವೊಬ್ಬರೇ. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ರಾತ್ರಿ ಊಟಕ್ಕೆ ಮೊದಲು ಅಪ್ಪ ಸತ್ಯವೇದದ ಒಂದು ಅಧ್ಯಾಯವನ್ನು ನನ್ನಿಂದ ಓದಿಸುತ್ತಿದ್ದರು. ನಾನು ಕನ್ನಡ ಓದಲು ಕಲಿತದ್ದು ಹಾಗೆ.

ನಮ್ಮ ಎದುರುಮನೆಯಲ್ಲಿ ಒಬ್ಬ ದರ್ಜಿ ಇದ್ದರು. ಮುಸಲ್ಮಾನ ಹಿರಿಯರನ್ನು ಆ ನಾಡಿನಲ್ಲಿ ‘ಬಾಯ್’ ಎಂದು ಕರೆಯುವುದು ರೂಢಿ. ನಾವೂ ಹಾಗೆಯೇ ಕರೆಯುತ್ತಿದ್ದೆವು. ಬಸ್ ನಿಲ್ದಾಣದ ಬಳಿ ಅವರದೊಂದು ಸಣ್ಣ ಅಂಗಡಿ. ಪ್ರತಿ ವರ್ಷ ನನ್ನ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವರು ಅವರೇ.

1998ರ ಫೆಬ್ರವರಿ 14ರಂದು ಕೊಯಮತ್ತೂರಿನಲ್ಲಿ ಬಾಂಬುಗಳು ಸಿಡಿದವು. 58 ಜನ ಪ್ರಾಣ ಕಳೆದುಕೊಂಡರು. ಆಮೇಲೆ ನಮ್ಮ ಬೀದಿ ಮೊದಲಿನಂತೆ ಇರಲಿಲ್ಲ. ನಿನ್ನೆಯವರೆಗೆ ಸಾರು ಪಲ್ಯ ಕೊಟ್ಟು ತೆಗೆದುಕೊಳ್ಳುತ್ತಿದ್ದವರು ಸಂಜೆಯಾಗುತ್ತಲೇ ಬಾಗಿಲು ಹಾಕಿಕೊಂಡು ಕುಳಿತರು. ಒಬ್ಬರ ಮುಖವನ್ನು ಒಬ್ಬರು ನೋಡಲು ಅಂಜುವ ದಿನಗಳು ಅವು.

ನಾನು ಆಗ ಎಂಟನೆಯ ತರಗತಿ. ಒಂದು ರಾತ್ರಿ ಕಿಟಕಿಯ ಸಂದಿನಲ್ಲಿ ನೋಡುತ್ತೇನೆ, ಬಾಯ್ ಮತ್ತು ಅವರ ಭಾವಮೈದ ಬಟ್ಟೆ ಸುತ್ತಿದ ಒಂದು ಮರದ ಪೆಟ್ಟಿಗೆಯನ್ನು ಏದುಸಿರು ಬಿಡುತ್ತಾ ಒಳಗೆ ಸಾಗಿಸುತ್ತಿದ್ದಾರೆ! ಬೆಳಗಾಗುವುದನ್ನೇ ಕಾದಿದ್ದು, ಬೀದಿ ನಲ್ಲಿಯ ಹತ್ತಿರ ಅದನ್ನು ಹೇಳಿಬಿಟ್ಟೆ. ಯಾರ ಮೇಲೂ ನನಗೆ ದ್ವೇಷವಿರಲಿಲ್ಲ. ದೊಡ್ಡವರೆಲ್ಲ ಬಿಂದಿಗೆ ಕೆಳಗಿಟ್ಟು ನನ್ನ ಮಾತನ್ನು ಕೇಳಿದರಲ್ಲ, ಅದೇ ನನಗೆ ದೊಡ್ಡ ಹೆಮ್ಮೆ. ಸಂಜೆಯ ಹೊತ್ತಿಗೆ ಒಂದು ಪೆಟ್ಟಿಗೆ ಮೂರಾಗಿತ್ತು, ಇಬ್ಬರು ಐವರಾಗಿದ್ದರು, ಪೆಟ್ಟಿಗೆಯಿಂದ ತಂತಿ ಹೊರಗೆ ಇಣುಕಿತ್ತಂತೆ! ಮಾರನೆಯ ದಿನ ಮನೆಯ ಮಾಲೀಕರು ಬಂದು, ವಾರದೊಳಗೆ ಮನೆ ಖಾಲಿ ಮಾಡಬೇಕೆಂದು ಬಾಯ್‌ಗೆ ಹೇಳಿಹೋದರು.

ಸುದ್ದಿಯ ಮೂಲ ನಾನೇ ಎಂದು ಅಪ್ಪನಿಗೆ ತಿಳಿಯಲು ತಡವಾಗಲಿಲ್ಲ. ಹೊಡೆಯುತ್ತಾರೆಂದು ಹೆದರಿದೆ. ಹೊಡೆಯಲಿಲ್ಲ. ನಾನೇ ಮುಂದಾಗಿ, “ನಾನು ಸುಳ್ಳು ಹೇಳಲಿಲ್ಲ ಅಪ್ಪ, ಪೆಟ್ಟಿಗೆ ತಂದದ್ದು ನಿಜ” ಎಂದೆ.

“ತಂದದ್ದು ನಿಜವೇ ಇರಬಹುದು ಕಣಪ್ಪ. ಅದು ಏನು ಅಂತ ನೀನು ಅವರನ್ನು ಕೇಳಿದೆಯಾ?”

ನನ್ನ ಬಳಿ ಉತ್ತರವಿರಲಿಲ್ಲ.

ಅಪ್ಪ ಆಗಲೇ ನನ್ನ ಕೈಹಿಡಿದು ಎದುರುಮನೆಗೆ ಕರೆದೊಯ್ದರು. ನಡೆದದ್ದನ್ನು ನನ್ನ ಬಾಯಿಂದಲೇ ಹೇಳಿಸಿದರು. ಬಾಯ್ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದರು. ಒಳಗಿದ್ದದ್ದು ಹೊಲಿಗೆ ಯಂತ್ರ. ಗಲಭೆಯಲ್ಲಿ ಯಾರಾದರೂ ಅಂಗಡಿಗೆ ಬೆಂಕಿ ಹಚ್ಚಿದರೆ ಹೊಟ್ಟೆಯ ಪಾಡೇನು ಎಂದು ಅದನ್ನು ಕಾಲುಪೀಠದಿಂದ ಬಿಚ್ಚಿ ಮನೆಗೆ ತಂದಿದ್ದರು. “ಕೇಳಿದ್ದರೆ ನಾನೇ ತೋರಿಸುತ್ತಿದ್ದೆನಲ್ಲ ತಂಬಿ” ಎಂದರು. ಅಷ್ಟೇ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಪ್ಪ ಅಲ್ಲಿಗೇ ಬಿಡಲಿಲ್ಲ. “ಎಲ್ಲಿ ಹೇಳಿದೆಯೋ ಅಲ್ಲೇ ಹೋಗಿ ತಿದ್ದಿ ಹೇಳು” ಎಂದು ನಲ್ಲಿಯ ಬಳಿಗೆ ಕಳುಹಿಸಿದರು. ತಾವು ಮಾಲೀಕರ ಮನೆಗೆ ಹೊರಟರು. ಆಗ ನಮ್ಮದು ಎರಡು ತಿಂಗಳ ಬಾಡಿಗೆ ಬಾಕಿಯಿತ್ತು. ಈ ಹೊತ್ತಿನಲ್ಲಿ ಅವರನ್ನು ಎದುರು ಹಾಕಿಕೊಳ್ಳುವುದು ಬೇಡವೆಂದು ಅಮ್ಮ ಅಂಗಲಾಚಿದರು. ಅಪ್ಪ ಹೋಗಿ ಜಗಳವಾಡಲಿಲ್ಲ. “ಈ ಮಾತು ಹುಟ್ಟಿದ್ದು ನನ್ನ ಮನೆಯಲ್ಲಿ, ತಪ್ಪು ನನ್ನ ಮಗನದು. ಮನೆ ಬಿಡಿಸುವುದಾದರೆ ನಮ್ಮನ್ನು ಬಿಡಿಸಿ. ಅವರನ್ನು ಕಳುಹಿಸುವುದು ನ್ಯಾಯವಲ್ಲ” ಎಂದಷ್ಟೇ ಹೇಳಿದರಂತೆ. ಮಾಲೀಕರು ತಮ್ಮ ಮಾತನ್ನು ಹಿಂತೆಗೆದುಕೊಂಡರು.

ಆದರೆ ಒಡೆದ ಮುತ್ತು ಕೂಡಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಬಾಯ್ ತಾವಾಗಿಯೇ ಮನೆ ಬಿಟ್ಟು ತಂಗಿಯ ಮನೆಯಿದ್ದ ಬೀದಿಗೆ ಹೋದರು. ಹೋಗುವ ಮುನ್ನ ನನ್ನ ಹೊಸ ಸಮವಸ್ತ್ರ ಹೊಲಿದು ಕೊಟ್ಟಿದ್ದರು. ಮರುವರ್ಷ ಷರಾಯಿ ಗಿಡ್ಡವಾದಾಗ ಅಮ್ಮ ಅದರ ಅಂಚು ಬಿಚ್ಚಿ ನೋಡಿದರೆ ಒಳಗೆ ಮೂರು ಬೆರಳಷ್ಟು ಬಟ್ಟೆ ಮಡಚಿಟ್ಟಿತ್ತು. ಹುಡುಗ ಬೆಳೆಯುತ್ತಾನೆಂದು ಬಿಟ್ಟಿದ್ದರು. ತಮ್ಮ ಮೇಲೆ ಅಪವಾದ ಹೊರಿಸಿದ ಹುಡುಗನಿಗೆ!

ಇಷ್ಟು ವರ್ಷಗಳಲ್ಲಿ ಈ ಪ್ರಸಂಗವನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಕ್ರಮ ಹೇಳಿಕೊಡುತ್ತಾರೆ. ಸಹೋದರನು ತಪ್ಪು ಮಾಡಿದ್ದರೆ ಮೊದಲು ನೀನೊಬ್ಬನೇ ಅವನ ಬಳಿಗೆ ಹೋಗಿ ಮಾತನಾಡಬೇಕು. ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಸಭೆಗೆ ತಿಳಿಸುವುದು ಅದಾದ ಮೇಲೆ. ನಾವು ಮಾಡುವುದು ತಲೆಕೆಳಗು. ಮೊದಲು ಊರಿಗೆಲ್ಲ ಹೇಳುತ್ತೇವೆ, ಆಮೇಲೆ ನೆಂಟರಿಗೆ, ಕಡೆಗೆ ಅವನಿಗೆ. ಎಷ್ಟೋ ಸಲ ಅವನೊಬ್ಬನಿಗೆ ಬಿಟ್ಟು ಉಳಿದೆಲ್ಲರಿಗೂ ಗೊತ್ತಿರುತ್ತದೆ!

ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಸತ್ಯವನ್ನೂ ಪ್ರೀತಿಯನ್ನೂ ಒಟ್ಟಿಗೆ ಹೇಳುತ್ತಾನೆ. ಪ್ರೀತಿಯಿಲ್ಲದ ಸತ್ಯ ನಾನು ನಲ್ಲಿಯ ಬಳಿ ಆಡಿದ ಮಾತಿನಂತೆ. ಅದು ಸುಳ್ಳಾಗಲು ಅರ್ಧ ದಿನ ಸಾಕು. ಸತ್ಯವಿಲ್ಲದ ಪ್ರೀತಿ ಬರಿಯ ಮುಖಸ್ತುತಿ. ಬಾಡಿಗೆ ಬಾಕಿಯಿದೆಯೆಂದು ಅಪ್ಪ ಮಾಲೀಕರೆದುರು ಹಲ್ಲುಕಿರಿದು ಬಂದಿದ್ದರೆ ಅದು ಪ್ರೀತಿಯಾಗುತ್ತಿರಲಿಲ್ಲ. ದಾವೀದ ಅರಸನು ತಪ್ಪು ಮಾಡಿದಾಗ ಪ್ರವಾದಿ ನಾತಾನನು ಬೀದಿಯಲ್ಲಿ ಡಂಗುರ ಹೊಡೆಯಲಿಲ್ಲ. ನೇರವಾಗಿ ಅರಸನ ಎದುರಿಗೇ ಹೋದನು. ಬಡವನೊಬ್ಬನ ಕುರಿಮರಿಯ ಕಥೆ ಹೇಳಿ, ಅರಸನ ಬಾಯಿಂದಲೇ ನ್ಯಾಯ ಹೇಳಿಸಿ, ಆ ಮನುಷ್ಯ ನೀನೇ ಎಂದನು. ಮುಖಕ್ಕೆ ಹೇಳುವುದಕ್ಕೆ ಧೈರ್ಯ ಬೇಕು. ಕೇಳುವವನು ತಿದ್ದಿಕೊಳ್ಳುವಂತೆ ಹೇಳುವುದಕ್ಕೆ ಪ್ರೀತಿ ಬೇಕು.

ಜುಲೈ 1ರಂದು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ ಆಚರಿಸುತ್ತೇವೆ. 1843ರಲ್ಲಿ ಅದೇ ದಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವೆಂಬ ಮೊದಲ ಕನ್ನಡ ಪತ್ರಿಕೆಯನ್ನು ಹೊರತಂದರು. ಊರಲ್ಲಿ ಹಬ್ಬುವ ಗಾಳಿಸುದ್ದಿಗಳ ಬದಲು ನಿಜವಾದ ವರ್ತಮಾನ ಜನರಿಗೆ ಸಿಗಲಿ ಎಂಬುದೂ ಅವರ ಉದ್ದೇಶವಾಗಿತ್ತು. ಆಗ ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಸುದ್ದಿ ಈಗ ಕ್ಷಣಕ್ಕೊಂದರಂತೆ ಕೈಯಲ್ಲಿರುವ ಫೋನಿಗೆ ಬರುತ್ತದೆ. ನಮ್ಮ ನಲ್ಲಿಯ ಸುದ್ದಿ ಹಬ್ಬಲು ಒಂದು ಹಗಲು ಬೇಕಾಯಿತು; ಈಗ ಬೆರಳು ತಾಗಿಸಿದರೆ ಸಾಕು.

ಉಕ್ಕಡಂನಲ್ಲಿ 2024ರಲ್ಲಿ ದೊಡ್ಡ ಮೇಲ್ಸೇತುವೆಯಾಯಿತು. ನಾವಿದ್ದ ಸಾಲುಮನೆ ಈಗಿಲ್ಲ. ಅಪ್ಪನೂ ಇಲ್ಲ. ಆದರೆ ತರಗತಿಯಲ್ಲಿ ಯಾರದಾದರೂ ಪೆನ್ನು ಕಾಣೆಯಾಗಿ, “ಸಾರ್, ಅವನೇ ತೆಗೆದಿದ್ದಾನೆ” ಎಂದು ನೀವು ನನ್ನ ಬಳಿಗೆ ಓಡಿಬಂದಾಗಲೆಲ್ಲ ಅಪ್ಪನ ಮಾತು ನೆನಪಾಗುತ್ತದೆ. ನಾನು ನಿಮಗೆ ಯಾವಾಗಲೂ ಅದೇ ಒಂದು ಪ್ರಶ್ನೆ ಹಾಕುವುದೇಕೆ ಎಂದು ಈಗ ನಿಮಗೆ ತಿಳಿದಿರಬೇಕು. ತಂದೆತಾಯಂದಿರಲ್ಲಿಯೂ ನನ್ನ ಬಿನ್ನಹ ಇಷ್ಟೇ: ಮಕ್ಕಳು ಮನೆಗೆ ಯಾರದಾದರೂ ಸುದ್ದಿ ಹೊತ್ತು ತಂದರೆ ಬೈಯಬೇಡಿ, ಹೌದೇ ಎಂದು ಬಾಯಿ ಬಿಟ್ಟುಕೊಂಡು ಕೇಳಲೂ ಬೇಡಿ. “ನೀನು ಅವರನ್ನು ಕೇಳಿದೆಯಾ?” ಎಂದು ಒಮ್ಮೆ ವಿಚಾರಿಸಿ.