ಐದಕ್ಕೆ ಸೊನ್ನೆ ಕೊಡಿಸಿದ ಅಕ್ಕ

ಕಳೆದ ವರ್ಷ ತಮ್ಮ ಹಾಸನದಲ್ಲಿ ಪ್ರಥಮ ಪಿಯುಸಿ ಓದ್ತಿದ್ದ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ. ಭಾನುವಾರ ರಾತ್ರಿ ವಿಡಿಯೊ ಕಾಲ್‌ನಲ್ಲಿ ಅವನಿಗೆ ಲೆಕ್ಕ ಹೇಳಿಕೊಡೋದು ನನ್ನ ಪಾಲಿಗೆ ಬಂದಿತ್ತು.

ಲಿಮಿಟ್ಸ್ ಪಾಠದಲ್ಲಿ ಅವನು ಒದ್ದಾಡೋದು ನೋಡಲಾಗದೆ ಲೋಪಿತಾಲ್ ನಿಯಮ ಹೇಳಿಕೊಟ್ಟೆ. ಇಂಜಿನಿಯರಿಂಗ್‌ನಲ್ಲಿ ನಾವು ತಮಾಷೆಗೆ 'ಎಲ್ ಹಾಸ್ಪಿಟಲ್' ಅಂತಿದ್ವಲ್ಲ, ಅದೇ. ಸೊನ್ನೆ ಬೈ ಸೊನ್ನೆ ಬಂತಾ? ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಡಿಫರೆನ್ಶಿಯೇಟ್ ಮಾಡು, ಬೆಲೆ ಹಾಕು, ಮುಗೀತು. ಫಿಸಿಕ್ಸ್‌ಗೆ ಅಂತ ಡಿರೈವೇಟಿವ್ ಸೂತ್ರಗಳು ಅವನಿಗೆ ಆಗಲೇ ಬಾಯಿಪಾಠ. (1696ರ ಪುಸ್ತಕದಲ್ಲಿ ಅಚ್ಚಾದ ಈ ನಿಯಮ ನಿಜಕ್ಕೂ ಯೋಹಾನ್ ಬರ್ನೂಲಿಯದು. ಲೋಪಿತಾಲ್ ದುಡ್ಡು ಕೊಟ್ಟು ಪಾಠ ಹೇಳಿಸಿಕೊಂಡಿದ್ದ. ಟ್ಯೂಷನ್ ಕಥೆ ಹಳೆಯದು!)

ಪರೀಕ್ಷೆಯಲ್ಲಿ ಐದು ಅಂಕಕ್ಕೆ ಒಂದು ಪ್ರಶ್ನೆ: ಎಕ್ಸ್ ಸೊನ್ನೆಯತ್ತ ಹೋದಾಗ ಸೈನ್ ಎಕ್ಸ್ ಬೈ ಎಕ್ಸ್‌ನ ಲಿಮಿಟ್ 1 ಎಂದು ಸಾಧಿಸಿ. ನಮ್ಮ ಹುಡುಗ ಒಂದೇ ಸಾಲು ಬರೆದ. ಕಾಸ್ ಎಕ್ಸ್ ಬೈ 1, ಕಾಸ್ ಸೊನ್ನೆ ಅಂದರೆ 1. ಬಂದದ್ದು ಐದಕ್ಕೆ ಸೊನ್ನೆ. ಸೈನ್ 4ಎಕ್ಸ್ ಬೈ ಸೈನ್ 2ಎಕ್ಸ್‌ಗೆ 2 ಅಂತ ಸರಿಯಾದ ಉತ್ತರ ಬರೆದಿದ್ದಕ್ಕೂ ಕೆಂಪು ಗೆರೆ. 'ಮ್ಯಾಥ್ಸ್ ನನಗಾಗಲ್ಲ, ಮುಂದೆ ಬಿಕಾಂ ಮಾಡ್ತೀನಿ' ಅಂತ ಅಮ್ಮನ ಹತ್ರ ಅಂದನಂತೆ.

ನನಗೆ ರೇಗಿತು. ರಜೆ ಹಾಕಿ ಕಾಲೇಜಿಗೇ ಹೋದೆ. ಲೆಕ್ಚರರ್ ಜಗಳ ಆಡಲಿಲ್ಲ. ಪೆನ್ನು, ಹಾಳೆ ಮುಂದಿಟ್ಟು, 'ಸೈನ್ ಎಕ್ಸ್‌ನ ಡಿರೈವೇಟಿವ್ ಕಾಸ್ ಎಕ್ಸ್ ಅಂತ ಹೇಗೆ ಬಂತು? ಬರೀರಿ ಮೇಡಂ' ಅಂದರು.

ಬರೆದೆ. ಸೈನ್ ಎಕ್ಸ್ ಪ್ಲಸ್ ಎಚ್, ಮೈನಸ್ ಸೈನ್ ಎಕ್ಸ್, ಬೈ ಎಚ್. ಬಿಡಿಸ್ತಾ ಹೋದ ಹಾಗೆ ಸೈನ್ ಎಚ್ ಬೈ ಎಚ್ ಎದುರಿಗೆ ಬಂದು ನಿಂತಿತು.

'ಇದರ ಲಿಮಿಟ್ 1 ಅಂತ ಹೇಗೆ ಹೇಳ್ತೀರಿ?'

ಪೆನ್ನು ಕೆಳಗಿಟ್ಟೆ. ಯಾವುದನ್ನು ಸಾಧಿಸಬೇಕೋ ಅದನ್ನೇ ಒಳಗಿಟ್ಟುಕೊಂಡು ಸಾಧಿಸಿದ್ದೆ. ಅದನ್ನೇ ತಮ್ಮನಿಗೂ ಕಲಿಸಿದ್ದೆ. ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಒಂದು ದಿನವೂ ಇದು ಹೊಳೆದಿರಲಿಲ್ಲ.

ಇನ್ನೊಂದು ಪ್ರಶ್ನೆಯ ವಿಷಯದಲ್ಲಿ ಮಾತ್ರ ಈಗಲೂ ನಾನು ಒಪ್ಪಲ್ಲ. ಅಲ್ಲಿ ಕೇಳಿದ್ದು 'ಬೆಲೆ ಕಂಡುಹಿಡಿಯಿರಿ' ಅಂತ. ಡಿರೈವೇಟಿವ್ ಒಮ್ಮೆ ಸಾಧಿಸಿಯಾದ ಮೇಲೆ ಆ ದಾರಿ ತಪ್ಪಲ್ಲ. ಹಾಗಂತ ಅವರಿಗೂ ಹೇಳಿದೆ. 'ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ಧಾರಾಳವಾಗಿ ಬಳಸಲಿ' ಅಂದರೇ ಹೊರತು ಅಂಕ ಕೊಡಲಿಲ್ಲ.

ಮನೆಗೆ ಬಂದಾಗ ತಮ್ಮ ತಲೆ ತಗ್ಗಿಸಿ ಕೂತಿದ್ದ. 'ನೀನು ಹೇಳಿಕೊಟ್ಟಿದ್ದು ಅಂತ ಸರ್ ಹತ್ರ ಹೇಳಿರಲಿಲ್ಲ ಅಕ್ಕ' ಅಂದ. ಹೊಟ್ಟೆ ಹಿಂಡಿದ ಹಾಗಾಯ್ತು. 'ತಪ್ಪು ನಂದೇ ಕಣೋ' ಅಂದೆ.

ರಾತ್ರಿ ಊಟ ಆದ ಮೇಲೆ ಅಮ್ಮನ ಬಳೆ ಇಟ್ಟು ವೃತ್ತ ಎಳೆದೆವು. ಒಳಗೊಂದು ಸಣ್ಣ ತ್ರಿಕೋನ, ಅದಕ್ಕಿಂತ ದೊಡ್ಡದು ವೃತ್ತದ ತುಂಡು, ಅದಕ್ಕೂ ದೊಡ್ಡದು ಹೊರಗಿನ ತ್ರಿಕೋನ. ಮೂರರ ವಿಸ್ತೀರ್ಣ ಹೋಲಿಸಿದರೆ ಸೈನ್ ಎಕ್ಸ್ ಬೈ ಎಕ್ಸ್, ಕಾಸ್ ಎಕ್ಸ್‌ಗೂ 1ಕ್ಕೂ ನಡುವೆ ಸಿಕ್ಕಿಬೀಳುತ್ತೆ. ಹೊರಗಿನ ತ್ರಿಕೋನದ ವಿಸ್ತೀರ್ಣಕ್ಕೆ ಬಂದು ನಾನು ತಡವರಿಸಿದೆ.

'ಟ್ಯಾನ್ ಎಕ್ಸ್ ಬೈ 2 ಕಣಕ್ಕಾ' ಅಂತ ಪೆನ್ಸಿಲ್ ಕಿತ್ತುಕೊಂಡ.