ಅಜ್ಜಿಯ ಕೊರಳ ಗಂಟು, ನಾವು ಕಳಿಸಿದ ಮೆಸೇಜು

ಮೊದಲೇ ಹೇಳಿಬಿಡುತ್ತೇವೆ, ಆ ಮೆಸೇಜು ಫಾರ್ವರ್ಡ್ ಮಾಡಿದವರು ನಾವೇ. ನಿತ್ಯಪುಷ್ಪದ ಎಲೆ ಕುದಿಸಿ ಕುಡಿದರೆ ಕ್ಯಾನ್ಸರ್ ಮಾಯ ಅಂತ ಅದರಲ್ಲಿತ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಾವು ನಾಲ್ವರೂ ಪತ್ರಿಕೋದ್ಯಮ ಓದಿದವರು. ಒಬ್ಬರೂ ಒಂದು ಫೋನ್ ಮಾಡಿ ವಿಚಾರಿಸದೆ ನಮ್ಮ ನಮ್ಮ ಮನೆಯ ಗ್ರೂಪಿಗೆ ಹಾಕಿದೆವು.

ಹಿರೇಕೆರೂರು ಕಡೆಯ ಗೆಳೆಯನ ಅಜ್ಜಿಗೆ ಕೊರಳಲ್ಲಿ ಹಳೆಯ ಗಂಟಿತ್ತು. 20 ವರ್ಷ ಸುಮ್ಮನಿದ್ದದ್ದು ಮೂರೇ ವಾರದಲ್ಲಿ ನಿಂಬೆಹಣ್ಣಿನಷ್ಟಾಯಿತು. ದನಿ ಒಡೆಯಿತು. ಸವಣೂರಿನ ಎಲೆ ಹಾಕಿಕೊಂಡರೆ ರಸ ನುಂಗಲಾಗದು. ಇಂಥದ್ದು ಕಂಡರೆ ಮರುದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಜ್ಜಿ ಹದಿನೈದು ದಿನ ಕಷಾಯ ಕುಡಿದರು, ನಮ್ಮ ಮೆಸೇಜಿನ ಕಷಾಯ.

ಕಡೆಗೆ ಹಾವೇರಿ, ಬಂಕಾಪುರ, ಶಿಗ್ಗಾಂವಿ ದಾಟಿ ಹುಬ್ಬಳ್ಳಿಗೆ ಕರೆದೊಯ್ದೆವು. ಗಂಟಿನ ತುಣುಕು ತೆಗೆದು ನೋಡಿ ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್ ಎಂದರು. ಥೈರಾಯ್ಡಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ನಿಧಾನದವು, ಆಪರೇಶನ್ ಮತ್ತು ಅಯೋಡಿನ್ ಚಿಕಿತ್ಸೆಗೆ ಬಗ್ಗುತ್ತವೆ. ಇದು ವಿರಳ, ಹೆಚ್ಚಾಗಿ 60 ದಾಟಿದವರಿಗೆ ಬರುವಂಥದ್ದು. ಇದರ ಜೀವಕೋಶಗಳು ಅಯೋಡಿನ್ ಹೀರುವುದನ್ನೇ ಮರೆತಿರುತ್ತವೆ. ಒಂದು ಎರಡಾಗುವುದು, ಎರಡು ನಾಲ್ಕಾಗುವುದು, ಇಷ್ಟೇ ಕೆಲಸ.

ಕೀಮೋ ಆ ಕೆಲಸಕ್ಕೇ ಅಡ್ಡ ಹಾಕುತ್ತದೆ. ಕೋಶ ಎರಡಾಗುವ ಮುಂಚೆ ತನ್ನ ಡಿಎನ್‌ಎ ಎಳೆಗಳಿಗೆ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತದೆ. ಆಮೇಲೆ ಸಣ್ಣ ಸಣ್ಣ ಹಗ್ಗಗಳು ಹುಟ್ಟಿ ಒಂದು ಪಾಲನ್ನು ಆಚೆ, ಒಂದನ್ನು ಈಚೆ ಎಳೆಯುತ್ತವೆ. ಎಳೆಯುವಾಗ ಹಗ್ಗ ಬಿಚ್ಚಿಕೊಳ್ಳುತ್ತ ಗಿಡ್ಡವಾಗಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿ ಬಿಚ್ಚಲು ಬಿಡುವುದಿಲ್ಲ. ಕೋಶ ನಡುದಾರಿಯಲ್ಲಿ ಸಿಕ್ಕಿಬಿದ್ದು ಸಾಯುತ್ತದೆ. ಅಮೆರಿಕದ ಯೂ ಮರದ ತೊಗಟೆಯಲ್ಲಿ ಸಿಕ್ಕ ಈ ಔಷಧಿಯ ಗುಟ್ಟನ್ನು 1979ರಲ್ಲಿ ತೋರಿಸಿಕೊಟ್ಟವರು ಸೂಸನ್ ಹಾರ್ವಿಟ್ಜ್. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿಯದು ಬೇರೆ ದಾರಿ, ಅದು ಡಿಎನ್‌ಎ ಎಳೆಯೇ ತುಂಡಾಗುವಂತೆ ಮಾಡುತ್ತದೆ.

ನಿತ್ಯಪುಷ್ಪದ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಡಕು. ಅದರಿಂದ ತೆಗೆದ ವಿನ್‌ಕ್ರಿಸ್ಟಿನ್ ಆ ಹಗ್ಗ ಹೊಸೆಯಲಿಕ್ಕೇ ಬಿಡುವುದಿಲ್ಲ. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಅದನ್ನು ಕೊಡುತ್ತಾರೆ. ಆದರೆ ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಅದನ್ನು ಶುದ್ಧ ಮಾಡಿ, ಅಳೆದು, ರಕ್ತನಾಳಕ್ಕೆ ಹಾಕುತ್ತಾರೆ. ಹಿತ್ತಲಿನ ಎಲೆಯ ಕಷಾಯದಿಂದ ಗಂಟು ಕರಗದು, ಹೊಟ್ಟೆ ಕೆಡಬಹುದು, ಬಿಪಿ ಇಳಿಯಬಹುದು.

ಕಳೆಗೆ ಹೊಡೆದ ಔಷಧಿ ಗೋವಿನಜೋಳಕ್ಕೂ ತಾಗಿದ ಹಾಗೆ, ಕೀಮೋ ಬೇಗ ಬೇಗ ಎರಡಾಗುವ ಒಳ್ಳೆಯ ಕೋಶಗಳಿಗೂ ತಾಗುತ್ತದೆ. ಕೂದಲಿನ ಬೇರು, ಬಾಯಿಯ ಒಳಪದರ, ರಕ್ತ ಹುಟ್ಟುವ ಎಲುಬಿನ ಮಜ್ಜೆ ಅಂಥವು. ಅದಕ್ಕೇ ಪ್ರತಿ ಸಲ ಮೊದಲು ರಕ್ತ ಪರೀಕ್ಷೆ.

ಗುಣವಾಗುತ್ತದೆ ಎಂದು ಡಾಕ್ಟರು ಹೇಳಲಿಲ್ಲ. ಉಸಿರು ಸಲೀಸಾದೀತು, ಸ್ವಲ್ಪ ದಿನ ಸಿಕ್ಕಾವು ಎಂದರು. ಅಜ್ಜಿ ಐದು ವಾರ ತಗೊಂಡರು. ಎರಡನೇ ವಾರಕ್ಕೆ ಗಂಜಿ ಇಳಿಯಿತು, ಎಲ್ಲರ ಮುಖ ಅರಳಿತು. ಆರನೇ ವಾರ ಗಂಟು ಮತ್ತೆ ಬೆಳೆಯಿತು, ಅಜ್ಜಿ ಸಾಕು ಎಂದರು. ಹದಿನೈದು ದಿನ ಮೊದಲೇ ಬಂದಿದ್ದರೆ ಉಳಿಯುತ್ತಿದ್ದರಾ ಎಂದು ಕೇಳಿದೆವು. "ಬಹುಶಃ ಇಲ್ಲ, ಆದರ ಅಷ್ಟು ದಿನ ಊಟ ಸೇರತಿತ್ತು" ಎಂದರು ಡಾಕ್ಟರು.

ಮೆಸೇಜಿನ ವಿಷಯ ಅಜ್ಜಿಯ ಮುಂದೆ ಹೇಳಿದೆವು. "ಕುಡದಾಕಿ ನಾನು, ಬಿಡ್ರೋ. ಆ ಗಿಡ ಕಿತ್ತಗಿತ್ತೀರಿ ಮತ್ತ, ದೇವರಿಗೆ ಹೂ ಬೇಕು" ಎಂದರು.

ಅಜ್ಜಿ ಹೋದ ಮೇಲೆ ಎಲ್ಲ ಗ್ರೂಪಿನಲ್ಲೂ ನಮ್ಮ ತಪ್ಪು ಬರೆದು ಹಾಕಿದೆವು. ಮೊನ್ನೆ ಆ ಮೆಸೇಜು ಬೇರೆ ಯಾವುದೋ ಗ್ರೂಪಿನಿಂದ ನಮಗೇ ಬಂತು.